ಹದ ನೋಡಿ ಹಗ್ಗ ಎಳೆಯಿರಿ

ಮಣ್ಣು ಅಗೆದು ಕಳೆ ತೆಗೆಯುವ ಸಣ್ಣ ಯಂತ್ರ ವೀಡರ್. ಹೊಸದಾಗಿ ಅದನ್ನು ತಂದವರ ಮೊದಲ ದೂರು ಸಾಮಾನ್ಯವಾಗಿ ಒಂದೇ: ‘ಇದು ಓಡುತ್ತೆ ಕಣ್ರೀ, ಅಗೆಯೋದೇ ಇಲ್ಲ.’ ಯಂತ್ರ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ, ಹಿಡಿದವರು ಹಗ್ಗ ಕಿತ್ತ ಹೋರಿಯ ಹಿಂದೆ ಓಡಿದ ಹಾಗೆ ಓಡಬೇಕು, ತಿರುಗಿ ನೋಡಿದರೆ ನೆಲದ ಮೇಲೆ ಕೋಳಿ ಕೆದರಿದಷ್ಟು ಗುರುತು. ಎರಡನೇ ದೂರು ಇದರ ಉಲ್ಟಾ. ಒಂದೇ ಜಾಗದಲ್ಲಿ ಗುಂಡಿ ತೋಡಿಕೊಂಡು ಕೂತುಬಿಡುತ್ತದೆ, ಎತ್ತಿದರೂ ಬರುವುದಿಲ್ಲ. ಎರಡು ದೂರಿಗೂ ಎಂಜಿನ್ನನ್ನು ಬೈಯುತ್ತಾರೆ. ತಪ್ಪು ಎಂಜಿನ್ನಿನದಲ್ಲ. ಅರ್ಧ ತಪ್ಪು ಹಿಂದಿನ ಕಬ್ಬಿಣದ ಕೋಲಿನದು, ಉಳಿದರ್ಧ ಮಣ್ಣಿನ ಹದದ್ದು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಹಾಸನ, ಚಿಕ್ಕಮಗಳೂರಿನ ಕಡೆ ಟಿಲ್ಲರ್ ಅಂದರೆ ಗದ್ದೆಗೂ ಇಳಿಯುವ, ಹಿಂದೆ ಟ್ರೈಲರ್ ಕಟ್ಟಿಕೊಂಡು ಸಂತೆಗೂ ಹೋಗಿಬರುವ ದೊಡ್ಡ ಡೀಸೆಲ್ ಗಾಡಿ. ಇಲ್ಲಿ ಹೇಳುತ್ತಿರುವುದು ಅದಲ್ಲ. ಹಿತ್ತಲು, ತರಕಾರಿ ಮಡಿ, ತೆಂಗಿನ ಸಾಲಿನ ನಡುವೆ, ಅರ್ಧ ಎಕರೆ ಶುಂಠಿ ಅಥವಾ ಆಲೂಗಡ್ಡೆ ಹೊಲಕ್ಕೆ ಬಳಸುವ ಸಣ್ಣ ಯಂತ್ರ. ಅಂಗಡಿಯಲ್ಲಿ ಪವರ್ ವೀಡರ್ ಅಥವಾ ಮಿನಿ ಟಿಲ್ಲರ್, ಹೊಲದಲ್ಲಿ ಬರೀ ವೀಡರ್. ಉಳುವಾಗ ಇದಕ್ಕೆ ಬೇರೆ ಚಕ್ರ ಇರುವುದಿಲ್ಲ. ಮುಂದಿನ ಬ್ಲೇಡುಗಳೇ ಚಕ್ರ, ಅವೇ ಗುದ್ದಲಿ. ಇದೊಂದು ಮಾತು ತಲೆಗೆ ಹತ್ತಿದರೆ ಮುಕ್ಕಾಲು ಪಾಲು ಕೆಲಸ ಕಲಿತ ಹಾಗೆ.

ಯಾಕೆಂದರೆ ಬ್ಲೇಡು ತಿರುಗುವಾಗ ಅದಕ್ಕೆ ಎರಡು ದಾರಿ ಇದೆ. ನೆಲವನ್ನು ಹಿಡಿದು ಯಂತ್ರವನ್ನು ಮುಂದೆ ತಳ್ಳಬಹುದು, ಇಲ್ಲವೇ ಯಂತ್ರ ನಿಂತಲ್ಲೇ ನಿಂತರೆ ಮಣ್ಣನ್ನು ಕಿತ್ತು ಹಿಂದೆ ಎಸೆಯಬಹುದು. ಯಾವುದೂ ತಡೆಯದಿದ್ದರೆ ಸುಲಭದ ದಾರಿಯನ್ನೇ ಹಿಡಿಯುತ್ತದೆ, ಓಡುತ್ತದೆ. ಓಡದಂತೆ ತಡೆಯುವುದು ಹ್ಯಾಂಡಲ್ ಕೆಳಗೆ, ಬ್ಲೇಡಿನ ಹಿಂದೆ ಇಳಿಬಿಟ್ಟಿರುವ ಕೋಲು. ಅದರಲ್ಲಿ ನಾಲ್ಕೈದು ತೂತು, ಒಂದು ಪಿನ್. ಬಹಳ ಜನ ಇದನ್ನು ಯಂತ್ರ ನಿಲ್ಲಿಸುವ ಸ್ಟ್ಯಾಂಡ್ ಅಂದುಕೊಂಡು ಮೇಲೆತ್ತಿ ಕಟ್ಟಿಬಿಡುತ್ತಾರೆ, ಕೆಲವರು ಬಿಚ್ಚಿ ಕೊಟ್ಟಿಗೆಯ ಮೂಲೆಗೆ ಎಸೆದಿರುತ್ತಾರೆ. ಆ ಕೋಲು ನೇಗಿಲ ಗುಳ ಇದ್ದ ಹಾಗೆ, ನೆಲಕ್ಕೆ ಇಳಿದೇ ಇರಬೇಕು. ಕೆಳಕ್ಕೆ ಇಳಿಸಿದಷ್ಟೂ ಯಂತ್ರ ನಿಧಾನ, ಅಗೆತ ಆಳ. ಮೇಲೆತ್ತಿದಷ್ಟೂ ವೇಗ, ಅಗೆತ ತೆಳು.

ಹ್ಯಾಂಡಲ್ ಕೂಡ ಇದಕ್ಕೇ ಇರುವುದು. ಕೆಳಕ್ಕೆ ಒತ್ತಿದರೆ ಕೋಲು ಮಣ್ಣಿಗೆ ನಾಟುತ್ತದೆ, ಯಂತ್ರ ನಿಂತು ಅಗೆಯುತ್ತದೆ. ಸ್ವಲ್ಪ ಸಡಿಲಿಸಿದರೆ ಒಂದಡಿ ಮುಂದೆ ಸರಿಯುತ್ತದೆ. ಮತ್ತೆ ಒತ್ತು, ಮತ್ತೆ ಸಡಿಲಿಸು. ಗಟ್ಟಿ ನೆಲದಲ್ಲಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಒಂದೊಂದು ಗೇಣು ಆಡಿಸಿದರೆ ನಡುವೆ ಗೇರ್‌ಬಾಕ್ಸ್ ಕೆಳಗೆ ಉಳಿಯುವ ಗಟ್ಟಿ ದಿಂಡೂ ಒಡೆಯುತ್ತದೆ. ತಳ್ಳಬೇಡಿ, ಎಳೆಯಲೂಬೇಡಿ. ತೋಳಿನ ಶಕ್ತಿಯಿಂದ ನಡೆಸುತ್ತಿದ್ದೀರಿ ಅಂದರೆ ಕೋಲಿನ ಪಿನ್ ತಪ್ಪು ತೂತಿನಲ್ಲಿದೆ ಎಂದೇ ಅರ್ಥ. ಗುಂಡಿ ತೋಡಿಕೊಂಡು ಕೂತರೆ ಕೋಲನ್ನು ಒಂದು ತೂತು ಮೇಲೆತ್ತಿ; ಮಣ್ಣು ಸಡಿಲವಿರುವ ಕಡೆ ಇದು ಜಾಸ್ತಿ ಆಗುತ್ತದೆ.

ಇನ್ನು ಹದ. ಮುಂಗಾರಿನ ಮುಂಚಿನ ಮಳೆ ಒಂದು ಬಿದ್ದರೆ ಊರಿಗೆ ಊರೇ ಯಂತ್ರ ಹೊರಗೆ ತೆಗೆಯುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುವುದು ಸರಿಯೇ, ಆದರೆ ಮಳೆ ಬಂದ ಮಾರನೇ ಬೆಳಿಗ್ಗೆಯೇ ಉಳಬೇಕು ಅಂತ ಆ ಗಾದೆ ಹೇಳಿಲ್ಲ. ನೋಡುವ ಕ್ರಮ ಹೀಗೆ: ಮೇಲಿನ ಮಣ್ಣು ನೋಡಬೇಡಿ, ಅದು ಗಂಟೆಯಲ್ಲಿ ಒಣಗುತ್ತದೆ. ನಾಲ್ಕು ಇಂಚು ಕೆಳಗಿನಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ. ಉಂಡೆ ಕಟ್ಟಬೇಕು, ಹೆಬ್ಬೆರಳಿನಿಂದ ತಿವಿದರೆ ಪುಡಿಪುಡಿಯಾಗಿ ಬಿಚ್ಚಿಕೊಳ್ಳಬೇಕು, ಅಂಗೈಗೆ ಮಣ್ಣು ಮೆತ್ತಿಕೊಂಡಿರಬಾರದು. ಬೆರಳು ಒತ್ತಿದ ಕಡೆ ಹೊಳಪಿನ ಗುರುತು ಉಳಿದು ಮುದ್ದೆ ಹಾಗೇ ಕೂತರೆ ಯಂತ್ರವನ್ನು ಒಳಗೇ ಬಿಡಿ. ಮುದ್ದೆ ತಟ್ಟೆಯಲ್ಲಿದ್ದರೆ ಚೆನ್ನ, ಹೊಲದಲ್ಲಿ ಅಲ್ಲ. ಒತ್ತಿದರೂ ಉಂಡೆಯೇ ಕಟ್ಟದೆ ಬೆರಳ ಸಂದಿಯಿಂದ ಸೋರಿಹೋದರೆ ತೀರಾ ಒಣಗಿದೆ. ಸಂಜೆ ನೀರು ಹಾಯಿಸಿ ಒಂದೆರಡು ದಿನ ಬಿಟ್ಟು ಇಳಿಸಬೇಕು.

ಹಾಸನ, ಚನ್ನರಾಯಪಟ್ಟಣ, ಅರಸೀಕೆರೆಯ ಮರಳು ಬೆರೆತ ಕೆಂಪು ಮಣ್ಣು ಒಳ್ಳೆ ಮಳೆ ಬಂದ ಎರಡು ದಿನಕ್ಕೆ ಹದಕ್ಕೆ ಬರುತ್ತದೆ. ಕಡೂರು, ಅಜ್ಜಂಪುರದ ಕಡೆಯ ಎರೆ ಮಣ್ಣಿಗೆ ನಾಲ್ಕೈದು ದಿನ ಬೇಕು, ಆದರೆ ಅದರ ಹದ ನಿಲ್ಲುವುದು ಕಡಿಮೆ. ಇವತ್ತು ಮುದ್ದೆ, ನಾಳಿದ್ದು ಕಲ್ಲು. ಎರೆ ಹೊಲದವರು ಆ ನಡುವಿನ ದಿನ ಕಾದು ಹಿಡಿಯಬೇಕು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಲೆನಾಡಿನ ಮಣ್ಣಿನಲ್ಲಿ ಮಳೆ ಹಿಡಿದ ಮೇಲೆ ಹದ ಎಂಬುದೇ ಸಿಗುವುದಿಲ್ಲ, ಅಲ್ಲಿ ಕೆಲಸ ಮುಗಿಯಬೇಕಾದ್ದು ರೋಹಿಣಿ ಮಳೆಯೊಳಗೆ.

ಹಸಿಯಲ್ಲಿ ಉತ್ತರೆ ಏನಾಗುತ್ತದೆ? ಆ ಹೊತ್ತಿಗೆ ಚೆನ್ನಾಗೇ ಕಾಣುತ್ತದೆ. ಕಪ್ಪಗೆ, ಮೆತ್ತಗೆ, ಸಾಲು ಸಾಲಾಗಿ. ವಾರದ ಬಿಸಿಲಿಗೆ ಆ ತುಂಡುಗಳು ಸುಟ್ಟ ಇಟ್ಟಿಗೆಯಂಥ ಹೆಂಟೆಗಳಾಗುತ್ತವೆ, ಆಮೇಲೆ ಅವನ್ನು ಒಡೆಯುವುದು ಕೊಡಲಿಯ ಕಾವಿಗೆ ಬಿಟ್ಟ ಕೆಲಸ. ಇನ್ನೊಂದು ಹಾನಿ ಕಣ್ಣಿಗೆ ಕಾಣದ್ದು. ಬ್ಲೇಡಿನ ತುದಿ ತಿರುಗಿ ತಿರುಗಿ ತನ್ನ ಕೆಳಗಿನ ಮಣ್ಣನ್ನು ಸಾರಿಸಿದ ಹಾಗೆ ನುಣುಪು ಮಾಡುತ್ತದೆ. ವರ್ಷ ವರ್ಷವೂ ಅದೇ ಐದಾರು ಇಂಚಿಗೆ ಉತ್ತರೆ ಅಲ್ಲೊಂದು ಗಟ್ಟಿ ಪದರ ಕಟ್ಟುತ್ತದೆ. ಮಳೆ ನೀರು ಅದರ ಮೇಲೆ ನಿಲ್ಲುತ್ತದೆ, ಬೇರು ಅದನ್ನು ದಾಟುವುದಿಲ್ಲ. ಶುಂಠಿ ಬೆಳೆಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಗಡ್ಡೆಯ ಬುಡದಲ್ಲಿ ನೀರು ನಿಂತಿತೆಂದರೆ ಕೊಳೆ ರೋಗಕ್ಕೆ ಬಾಗಿಲು ತೆರೆದ ಹಾಗೆ. ಪರೀಕ್ಷೆ ಮಾಡಲು ಬೆರಳು ಗಾತ್ರದ ಎರಡಡಿ ಕಂಬಿ ಸಾಕು. ಹದವಿರುವ ನೆಲದಲ್ಲಿ ನಿಧಾನಕ್ಕೆ ಒತ್ತುತ್ತಾ ಹೋಗಿ. ಸುಲಭವಾಗಿ ಇಳಿಯುತ್ತಿದ್ದ ಕಂಬಿ ಎಲ್ಲ ಕಡೆಯೂ ಒಂದೇ ಆಳದಲ್ಲಿ ತಟ್ಟನೆ ನಿಂತರೆ ಅದೇ ಪದರ. ಕಲ್ಲಾದರೆ ಒಂದು ಕಡೆ ತಾಗುತ್ತದೆ, ಪಕ್ಕದಲ್ಲಿ ತಾಗುವುದಿಲ್ಲ. ಈ ಪದರವನ್ನು ವೀಡರ್ ಒಡೆಯುವುದಿಲ್ಲ. ಬೇಸಿಗೆಯಲ್ಲಿ ನೆಲ ಒಣಗಿದಾಗ ಟ್ರ್ಯಾಕ್ಟರಿನ ಕಲ್ಟಿವೇಟರ್ ಆಳಕ್ಕೆ ಹೊಡೆಸಬೇಕು, ಹಿತ್ತಲಾದರೆ ಪಿಕಾಸಿಯಿಂದ ಅಡಿಗೊಂದು ಏಟು ಹಾಕಿ ಮೀಟಬೇಕು.

ಇಳಿಸುವ ಮುಂಚೆ ಒಂದು ಸುತ್ತು ನಡೆದು ಬನ್ನಿ. ಕಲ್ಲು, ತೆಂಗಿನ ಎಡೆಮಟ್ಟೆ, ಬೇಲಿ ತಂತಿಯ ತುಂಡು, ಹಳೇ ಸೀರೆಯ ಚೂರು, ಗೊಬ್ಬರದ ಚೀಲದ ಹೊಲಿಗೆ ದಾರ ಎಲ್ಲಾ ಹೆಕ್ಕಬೇಕು. ಡ್ರಿಪ್ ಪೈಪನ್ನು ಪಕ್ಕಕ್ಕೆ ಸರಿಸಿದರೆ ಸಾಲದು, ಸುತ್ತಿ ಬದುವಿನ ಮೇಲಿಡಿ; ಬ್ಲೇಡು ಅದರ ತುದಿ ಹಿಡಿದರೆ ಕ್ಲಚ್ ಬಿಡುವಷ್ಟರಲ್ಲಿ ಹತ್ತು ಮೀಟರ್ ಸುತ್ತಿಕೊಂಡಿರುತ್ತದೆ. ಮೊಣಕಾಲೆತ್ತರದ ಹುಲ್ಲಿದ್ದರೆ ಮೊದಲು ಬ್ರಶ್ ಕಟರ್ ಹೊಡೆದು, ಹುಲ್ಲು ಗುಡಿಸಿ, ನಾಲ್ಕು ದಿನ ಬಿಟ್ಟು ಬನ್ನಿ.

ಅವುಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಆ ಚೀಲದ ದಾರಕ್ಕೆ. ಬ್ಲೇಡುಗಳು ಕೂರುವುದು ಗೇರ್‌ಬಾಕ್ಸಿನಿಂದ ಎರಡೂ ಕಡೆ ಹೊರಬಂದ ಆರು ಮೂಲೆಯ ಶಾಫ್ಟಿನ ಮೇಲೆ. ಶಾಫ್ಟ್ ಹೊರಬರುವ ಜಾಗದಲ್ಲಿ ರಬ್ಬರಿನ ಆಯಿಲ್ ಸೀಲ್ ಇದೆ. ದಾರ, ಗರಿಕೆ ಬಳ್ಳಿ, ತೆಂಗಿನ ನಾರು ಮೊದಲು ಬ್ಲೇಡಿನ ಬುಡಕ್ಕೆ ಸುತ್ತುತ್ತವೆ, ಆಮೇಲೆ ತಿರುಗುತ್ತಾ ತಿರುಗುತ್ತಾ ಒಳಕ್ಕೆ ಸರಿದು ಸೀಲಿನ ತುಟಿಗೆ ಹೋಗಿ ಕೂರುತ್ತವೆ. ಹುಲ್ಲಾದರೆ ಹರಿಯುತ್ತದೆ, ಪ್ಲಾಸ್ಟಿಕ್ ದಾರ ಹರಿಯುವುದಿಲ್ಲ. ಬಿಸಿಗೆ ಕರಗಿ ಗಟ್ಟಿ ಬಳೆಯಾಗಿ ಸೀಲನ್ನು ಕುಯ್ಯುತ್ತದೆ. ಹೊರಗೆ ಕಾಣುವುದು ಇಷ್ಟೇ: ಶಾಫ್ಟ್ ಬುಡದಲ್ಲಿ ಮಣ್ಣು ಒಣಗದೆ ಕಪ್ಪಗೆ ಜಿಡ್ಡುಜಿಡ್ಡಾಗಿ ಅಂಟಿರುತ್ತದೆ. ಅದು ಮಣ್ಣಿನ ಹಸಿಯಲ್ಲ, ಗೇರ್ ಆಯಿಲ್. ಸೀಲು ಅಗ್ಗ, ಆಯಿಲ್ ಖಾಲಿಯಾಗಿ ಒಣ ಓಡಿದ ಗೇರು ದುಬಾರಿ. ಹಾಗಾಗಿ ದಿನದ ಕೆಲಸ ಮುಗಿದ ಮೇಲೆ ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತು, ಪಿನ್ ತೆಗೆದು ಎರಡೂ ಕಡೆಯ ಬ್ಲೇಡಿನ ಸೆಟ್ ಹೊರಗೆಳೆದು, ಬುಡದಲ್ಲಿ ಸುತ್ತಿದ್ದನ್ನು ಚಾಕುವಿನಿಂದ ಕೊಯ್ದು ತೆಗೆಯಿರಿ. ಶಾಫ್ಟಿಗೆ ತುಸು ಗ್ರೀಸ್ ಸವರಿ ಹಾಕಿದರೆ ಮುಂದಿನ ಸಲ ಸುತ್ತಿಗೆ ಬೇಕಾಗುವುದಿಲ್ಲ.

ಬ್ಲೇಡು ಮತ್ತೆ ಹಾಕುವಾಗ ಎಡಬಲ ಅದಲುಬದಲಾಗುವುದು ಬಹಳ ಸಾಮಾನ್ಯ. ಹರಿತವಾದ ಅಂಚು ಯಂತ್ರ ಮುಂದೆ ಹೋಗುವ ದಿಕ್ಕಿಗೆ ಇರಬೇಕು, ತಿರುಗುವಾಗ ಅದೇ ಮೊದಲು ನೆಲ ಮುಟ್ಟಬೇಕು. ಉಲ್ಟಾ ಹಾಕಿದರೆ ಬೆನ್ನು ನೆಲಕ್ಕೆ ಬಡಿಯುತ್ತದೆ, ಯಂತ್ರ ಕುಪ್ಪಳಿಸುತ್ತದೆ, ಅಗೆಯುವುದಿಲ್ಲ. ಕುಪ್ಪಳಿಸುವುದಕ್ಕೆ ಉಳಿದ ಕಾರಣ ಎರಡು: ನೆಲ ಒಣಗಿ ಗಟ್ಟಿಯಾಗಿರುವುದು, ಅಥವಾ ಒಂದೇ ಏಟಿಗೆ ಪೂರ್ತಿ ಆಳಕ್ಕೆ ಇಳಿಸಲು ಹೋಗಿರುವುದು.

ಮೊದಲ ಸಲ ಎರಡು ಮೂರು ಇಂಚು ಸಾಕು. ಕೋಲು ಮೇಲಕ್ಕೆತ್ತಿರಲಿ, ನೆಲದ ಚರ್ಮ ಸುಲಿದ ಹಾಗೆ ಒಂದು ಸುತ್ತು ಹೊಡೆಯಿರಿ. ಎರಡನೇ ಸಲ ಕೋಲು ಒಂದೆರಡು ತೂತು ಇಳಿಸಿ ಅಡ್ಡ ದಿಕ್ಕಿಗೆ ಹೊಡೆದರೆ ಐದಾರು ಇಂಚಿಗೆ ಬರುತ್ತದೆ. ಕೊಟ್ಟಿಗೆ ಗೊಬ್ಬರ ಹರಡುವುದು ಈ ಎರಡರ ನಡುವೆ. ಎಕರೆಗೆ 10 ಟನ್ ಲೆಕ್ಕ ಹಿಡಿದರೆ ಗುಂಟೆಗೆ 250 ಕೆಜಿ, ಅಂದರೆ 20 ಕೆಜಿ ಹಿಡಿಯುವ ಮಂಕರಿಯಲ್ಲಿ ಹನ್ನೆರಡು ಹದಿಮೂರು. ಹಸಿ ಸಗಣಿ ಬೇಡ, ಚೆನ್ನಾಗಿ ಕಳಿತದ್ದೇ ಆಗಬೇಕು. ಸುಣ್ಣ ಹಾಕುವುದಾದರೆ ಅಂದಾಜಿಗೆ ಎರಚಬೇಡಿ. ಮಲೆನಾಡಿನ ಮಣ್ಣು ಹುಳಿ ಎನ್ನುವುದು ನಿಜ, ಎಷ್ಟು ಹುಳಿ ಎನ್ನುವುದು ಹೊಲದಿಂದ ಹೊಲಕ್ಕೆ ಬೇರೆ. ಆರೇಳು ಕಡೆ ‘ವಿ’ ಆಕಾರದ ಆರಿಂಚು ಗುಂಡಿ ತೆಗೆದು, ಗೋಡೆಯ ಮಣ್ಣು ಕೆರೆದು ಬೆರೆಸಿ, ಅರ್ಧ ಕೆಜಿ ಮಣ್ಣನ್ನು ಹಾಸನದವರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಚಿಕ್ಕಮಗಳೂರಿನವರು ಮೂಡಿಗೆರೆಯ ಕೇಂದ್ರಕ್ಕೆ ಒಯ್ದು ತೋರಿಸಿ.

ಮೂರನೇ ಸಲ, ನಾಲ್ಕನೇ ಸಲ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ಮಣ್ಣು ರವೆಯ ಹಾಗೆ ಆಗುವುದನ್ನು ನೋಡಲು ಕಣ್ಣಿಗೆ ತಂಪು. ತಡೆದುಕೊಳ್ಳಿ. ನಮ್ಮ ಕೆಂಪು ಮಣ್ಣನ್ನು ಹಿಟ್ಟು ಮಾಡಿದರೆ ಮೊದಲ ಜೋರು ಮಳೆಗೆ ಮೇಲ್ಮೈ ಕದಡಿ, ಬಿಸಿಲಿಗೆ ಹಪ್ಪಳದಂತೆ ಹೆಪ್ಪುಗಟ್ಟುತ್ತದೆ. ಕೊತ್ತಂಬರಿ, ಕ್ಯಾರೆಟ್ಟು, ಸೊಪ್ಪಿನ ಬೀಜ ಅದನ್ನು ಒಡೆದು ಮೇಲೆ ಬರಲಾರವು. ಬಿತ್ತುವ ಸಾಲಿನಲ್ಲಿ ಕಡಲೆಕಾಳು ಗಾತ್ರದ ಪುಡಿ, ಉಳಿದ ಕಡೆ ಅಡಿಕೆ ಗಾತ್ರದ ಹೆಂಟೆ ಇದ್ದರೆ ಅದೇ ಸರಿಯಾದ ಉಳುಮೆ. ಆಲೂಗಡ್ಡೆಗೆ ನೆಲ್ಲಿಕಾಯಿ ಗಾತ್ರದ ಹೆಂಟೆ ಇದ್ದರೂ ನಡೆಯುತ್ತದೆ.

ಕಳೆಯ ವಿಚಾರದಲ್ಲಿ ಹೆಸರಿಗೆ ಮೋಸಹೋಗಬಾರದು. ಬೀಜದಿಂದ ಹುಟ್ಟುವ ಕಳೆಗೆ, ಕಾಂಗ್ರೆಸ್ ಗಿಡದ ಸಸಿಗೆ ವೀಡರ್ ಯಮ. ಗರಿಕೆ ಮತ್ತು ಕೊನ್ನಾರಿ ಗಡ್ಡೆಗೆ ಅದೇ ವೀಡರ್ ಬಿತ್ತನೆ ಕೂರಿಗೆ. ಗರಿಕೆಯ ಒಂದು ಬಳ್ಳಿ ಹತ್ತು ತುಂಡಾದರೆ ಹಸಿಯಲ್ಲಿ ಗಿಣ್ಣಿರುವ ಒಂದೊಂದು ತುಂಡೂ ಚಿಗುರುತ್ತದೆ. ಕೊನ್ನಾರಿಯ ಸರಪಳಿಯಂಥ ಗಡ್ಡೆಗಳು ಒಂದಕ್ಕೊಂದು ಅಂಟಿಕೊಂಡಿದ್ದಾಗ ಎಷ್ಟೋ ನಿದ್ದೆಯಲ್ಲಿರುತ್ತವೆ. ಕಡಿದು ಬೇರೆ ಮಾಡಿದರೆ ಎದ್ದು ಕೂರುತ್ತವೆ. ಇಂಥ ಹೊಲಕ್ಕೆ ಬೇಸಿಗೆಯಲ್ಲಿ, ಮಳೆಯ ಸುಳಿವಿಲ್ಲದಾಗ ಇಳಿಸಬೇಕು. ಗಡ್ಡೆ ಬಳ್ಳಿ ಮೇಲೆ ಬಂದು ಬಿಸಿಲಿಗೆ ಬೇಯಲಿ, ವಾರ ಬಿಟ್ಟು ಕುಂಟೆ ಅಥವಾ ಹಲ್ಲುಗೋಲಿನಿಂದ ಎಳೆದು ಬದುವಿಗೆ ಹಾಕಿ ಸುಡಿ. ಮಳೆಗಾಲದಲ್ಲಿ ಆ ಜಾಗ ಬಿಟ್ಟು ಉಳಿದ ಕಡೆ ಹೊಡೆಯುವುದೇ ಕ್ಷೇಮ, ಮತ್ತು ಗರಿಕೆ ಹೊಲದಿಂದ ತೋಟಕ್ಕೆ ಹೋಗುವ ಮುಂಚೆ ಬ್ಲೇಡು ತೊಳೆಯುವುದು ಇನ್ನೂ ಕ್ಷೇಮ. ಬೀಜದ ಕಳೆಗಾದರೆ ಒಂದು ಉಪಾಯವಿದೆ: ಬಿತ್ತನೆಗೆ ಹತ್ತು ಹನ್ನೆರಡು ದಿನ ಮುಂಚೆ ಉತ್ತು ಬಿಟ್ಟು, ಹಸಿರು ಮೂಡಿದ ಮೇಲೆ ಒಂದೇ ಇಂಚಿಗೆ ಮೇಲ್ಮೈ ಕೆರೆದು ಬಿತ್ತುವುದು. ಆಳಕ್ಕೆ ಹೋದರೆ ಕೆಳಗಿನ ಹೊಸ ಬೀಜ ಮೇಲೆ ಬಂದು ಲೆಕ್ಕ ಮತ್ತೆ ಒಂದರಿಂದ ಶುರು.

ಬೆಳೆಯ ನಡುವೆ ಓಡಿಸುವಾಗ ಅಗಲ ಕಡಿಮೆ ಮಾಡಬೇಕು. ಹೊರಗಿನ ಬ್ಲೇಡಿನ ಜೋಡಿ ಬಿಚ್ಚಿದರೆ ಮೂರಡಿ ಅಗಲದ ಯಂತ್ರ ಒಂದೂವರೆ ಎರಡಡಿಗೆ ಇಳಿಯುತ್ತದೆ. ಪಕ್ಕದ ತಟ್ಟೆಗಳನ್ನು ಹಾಕಿದರೆ ಗಿಡದ ಮೇಲೆ ಮಣ್ಣು ಹಾರುವುದು ನಿಲ್ಲುತ್ತದೆ. ಆಲೂಗಡ್ಡೆಗೆ ಸಾಲಿಂದ ಸಾಲಿಗೆ 60 ಸೆಂ.ಮೀ. ಇಟ್ಟವರಿಗೆ ಒಳಗಿನ ಬ್ಲೇಡು ಮಾತ್ರ ಸಾಕು, ಹಿಂದಿನ ಕೋಲಿನ ಜಾಗಕ್ಕೆ ರಿಡ್ಜರ್ ಸಿಕ್ಕಿಸಿದರೆ ಮಣ್ಣೇರಿಸುವುದೂ ಅದರಲ್ಲೇ ಆಗುತ್ತದೆ. ಮಣ್ಣೇರಿಸುವುದು ಬಿತ್ತಿದ 30-35 ದಿನಕ್ಕೆ ಮುಗಿಯಲಿ. ತಡವಾದರೆ ಗಡ್ಡೆ ಕಟ್ಟುವ ಬಳ್ಳಿಗಳು ಸಾಲಿನ ನಡುವಿಗೆ ಚಾಚಿರುತ್ತವೆ, ಬ್ಲೇಡು ಅವನ್ನೇ ಕೊಯ್ಯುತ್ತದೆ. ಗಿಡ ಮೇಲೆ ಹಸಿರಾಗೇ ಇರುತ್ತದೆ, ನಷ್ಟ ಗೊತ್ತಾಗುವುದು ಕೀಳುವ ದಿನ. ಶುಂಠಿಗೆ ಒಂದು ಮೀಟರ್ ಅಗಲದ ಮಡಿ, ನಡುವೆ ಒಂದೂವರೆ ಅಡಿ ಕಾಲುವೆ ಇಟ್ಟುಕೊಂಡರೆ ಸಡಿಲ ಮಾಡುವುದು ಯಂತ್ರದ ಕೆಲಸ, ಮಣ್ಣು ಮಡಿಯ ಮೇಲೆ ಎತ್ತಿಹಾಕಿ ಅಂಚು ಕಟ್ಟುವುದು ಇನ್ನೂ ಸಲಿಕೆಯ ಕೆಲಸವೇ.

ಕಾಫಿ ತೋಟಕ್ಕೆ ಮಾತ್ರ ಇದನ್ನು ಇಳಿಸಬೇಡಿ ಅಂತಲೇ ಹೇಳುತ್ತೇನೆ. ಗೊಬ್ಬರ ಹೀರುವ ಬೇರು ಮೇಲಿನ ಒಂದಡಿಯಲ್ಲೇ ಹರಡಿರುತ್ತದೆ, ನೆಲ ಇಳಿಜಾರು, ಮೇಲೆ ಮಲೆನಾಡಿನ ಮಳೆ. ಸಡಿಲವಾದ ಮಣ್ಣು ಹಳ್ಳ ಸೇರುತ್ತದೆ. ತೆಂಗು, ಅಡಿಕೆಯಲ್ಲಿ ಸಾಲಿನ ನಡುವೆ ಓಡಿಸಬಹುದು. ಅಡಿಕೆ ಬುಡದಿಂದ ಮೂರಡಿ, ತೆಂಗಿನ ಬುಡದಿಂದ ಆರಡಿ ದೂರ ಇರಲಿ, ಆಳ ಮೂರು ಇಂಚು ಮೀರದಿರಲಿ. ಇಳಿಜಾರು ಎಲ್ಲೇ ಇದ್ದರೂ ಅಡ್ಡಕ್ಕೆ ಓಡಿಸಿ, ಮೇಲೆ ಕೆಳಗೆ ಅಲ್ಲ.

ಯಾವ ಗಾತ್ರ ಕೊಳ್ಳುವುದು ಎಂದು ಕೇಳುವವರಿಗೆ ಲೆಕ್ಕ ಹೇಳುವುದೇ ಒಳ್ಳೆಯದು. 7 ಎಚ್‌ಪಿ ಪೆಟ್ರೋಲ್ ಯಂತ್ರ, ಸಾಲಿನ ಮೇಲೆ ಸಾಲು ಬರುವ ಅಂಚು ಕಳೆದು 75 ಸೆಂ.ಮೀ. ಅಗಲ, ಗಂಟೆಗೆ 1.2 ಕಿ.ಮೀ. ನಡಿಗೆ ಅಂದರೆ 900 ಚದರ ಮೀಟರ್, ಸುಮಾರು 9 ಗುಂಟೆ. ತಿರುಗಿಸುವುದು, ಹುಲ್ಲು ಬಿಡಿಸುವುದು, ಉಸಿರು ತೆಗೆದುಕೊಳ್ಳುವುದು ಸೇರಿದರೆ 6 ಗುಂಟೆ ಉಳಿಯುತ್ತದೆ. ಎರಡು ಸಲ ಹೊಡೆಯಬೇಕಾದ್ದರಿಂದ ಎಕರೆಗೆ ಹದಿಮೂರು ಗಂಟೆ, ಗಂಟೆಗೆ ಒಂದು ಲೀಟರಿಗಿಂತ ಮೇಲೆ ಪೆಟ್ರೋಲ್. ಅರ್ಧ ಎಕರೆ ದಾಟಿದ ಬಯಲು ಹೊಲಕ್ಕೆ ಟ್ರ್ಯಾಕ್ಟರಿನ ರೋಟವೇಟರನ್ನೇ ಕರೆಸಿ, ವೀಡರನ್ನು ನಡುಗೆಲಸಕ್ಕೆ ಇಟ್ಟುಕೊಳ್ಳಿ. 2 ಸ್ಟ್ರೋಕಿನ ಪುಟ್ಟ ಯಂತ್ರಗಳು ಈಗಾಗಲೇ ಸಡಿಲವಿರುವ ಮಡಿಗೆ ಸರಿ, ಬೀಳು ನೆಲ ಒಡೆಯಲು ಅಲ್ಲ. ರೈತ ಸಂಪರ್ಕ ಕೇಂದ್ರದ ಸಹಾಯಧನ ಬೇಕಾದರೆ ಅರ್ಜಿ ಮೊದಲು, ಖರೀದಿ ಆಮೇಲೆ.

ಹೊಸ ಯಂತ್ರ ಬಂದಾಗ ಎಂಜಿನ್ನಿನಲ್ಲಿ ಆಯಿಲ್ ಇದೆ ಎಂದು ನಂಬಬೇಡಿ, ಹೆಚ್ಚಿನವು ಖಾಲಿಯೇ ಬರುತ್ತವೆ. 7 ಎಚ್‌ಪಿ 4 ಸ್ಟ್ರೋಕ್ ಎಂಜಿನ್ನಿಗೆ ಸುಮಾರು 600 ಮಿ.ಲೀ. ಹಿಡಿಯುತ್ತದೆ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಕಡ್ಡಿಯಲ್ಲಿ ಅಳೆಯಿರಿ. ಮೊದಲ 20 ಗಂಟೆಗೆ ಬದಲಿಸಿ, ನಮ್ಮ ಧೂಳಿಗೆ ಆಮೇಲೆ 50 ಗಂಟೆಗೊಮ್ಮೆ. ಗೇರ್‌ಬಾಕ್ಸಿನ ಆಯಿಲ್ ಬೇರೆ, ಅದರ ಮಟ್ಟವೂ ಬೇರೆ. ಏರ್ ಫಿಲ್ಟರನ್ನು ಒಣ ನೆಲದಲ್ಲಿ ದಿನವೂ ನೋಡಬೇಕು. ಕಪ್ಪು ಹೊಗೆ ಬಂದರೆ ಫಿಲ್ಟರ್ ಕಟ್ಟಿದೆ ಅಥವಾ ಚೋಕ್ ಮುಚ್ಚಿಯೇ ಇದೆ. ಬಿಳಿ-ನೀಲಿ ಹೊಗೆ ಬಂದರೆ ಆಯಿಲ್ ಹೆಚ್ಚಾಗಿದೆ, ಇಲ್ಲವೇ ಬ್ಲೇಡು ಬಿಡಿಸುವಾಗ ಯಂತ್ರವನ್ನು ಮೂತಿಯ ಕಡೆಗೆ ಕವುಚಿದ್ದೀರಿ. ಮಲಗಿಸುವುದಿದ್ದರೆ ಪೆಟ್ರೋಲ್ ಟ್ಯಾಂಕಿನ ನಲ್ಲಿ ಮುಚ್ಚಿ ಹಿಂದಕ್ಕೆ, ಹ್ಯಾಂಡಲ್ ನೆಲ ಮುಟ್ಟುವಂತೆ ಮಲಗಿಸಿ. ಸ್ಟಾರ್ಟ್ ಮಾಡುವ ಹಗ್ಗ ಎಳೆದೆಳೆದು ಪೆಟ್ರೋಲ್ ವಾಸನೆ ಬಂದರೂ ಹತ್ತದಿದ್ದರೆ ಎಂಜಿನ್ ಕುಡಿದಿದೆ: ನಲ್ಲಿ ಮುಚ್ಚಿ, ಚೋಕ್ ತೆರೆದು, ಪ್ಲಗ್ ಬಿಚ್ಚಿ ಒರೆಸಿ, ಪ್ಲಗ್ ಹೊರಗಿದ್ದಾಗಲೇ ನಾಲ್ಕು ಸಲ ಹಗ್ಗ ಎಳೆದು, ಹತ್ತು ನಿಮಿಷ ಬಿಟ್ಟು ಹಾಕಿ. ಆಗ ಪ್ಲಗ್ಗಿನ ತುದಿಯ ಸಂದು 0.7 ಮಿ.ಮೀ. ಇದೆಯೇ ನೋಡಿಬಿಡಿ.

ಪಂಚೆ, ಲುಂಗಿ ಉಟ್ಟು ಇದರ ಹಿಂದೆ ನಿಲ್ಲಬಾರದು. ಪ್ಯಾಂಟು, ಗಟ್ಟಿ ಬೂಟು. ಅಪಾಯ ಹೆಚ್ಚಾಗಿ ಆಗುವುದು ರಿವರ್ಸ್ ಗೇರಿನಲ್ಲಿ, ಏಕೆಂದರೆ ಆಗಲೂ ಬ್ಲೇಡು ತಿರುಗುತ್ತಲೇ ನಿಮ್ಮ ಪಾದದ ಕಡೆಗೆ ಬರುತ್ತಿರುತ್ತದೆ. ಬೆನ್ನ ಹಿಂದೆ ಮರ, ಗೋಡೆ, ಬದು ಇರುವ ಕಡೆ ರಿವರ್ಸ್ ಹಾಕಲೇಬೇಡಿ. ಕ್ಲಚ್ ಬಿಟ್ಟು, ನ್ಯೂಟ್ರಲ್ ಮಾಡಿ, ಎಂಜಿನ್ ಆರಿಸಿ ಕೈಯಿಂದಲೇ ಎಳೆದುಕೊಳ್ಳಿ.

ಹಂಗಾಮು ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲ್ ತೆಗೆದು ಬೈಕಿಗೆ ಹಾಕಿ, ನಲ್ಲಿ ಮುಚ್ಚಿ ಎಂಜಿನ್ ತಾನೇ ಆರುವ ತನಕ ಓಡಿಸಿ. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ, ಮಳೆಗಾಲವಿಡೀ ಕಾರ್ಬುರೇಟರಿನಲ್ಲಿ ನಿಂತರೆ ಜೆಟ್ ಕಟ್ಟಿ ಹಸಿರು ಪಾಚಿಯಂತೆ ಕೂರುತ್ತದೆ. ಹಗ್ಗವನ್ನು ಬಿಗಿ ಸಿಗುವ ತನಕ ನಿಧಾನಕ್ಕೆ ಎಳೆದು ಅಲ್ಲೇ ಬಿಡಿ, ವಾಲ್ವುಗಳು ಮುಚ್ಚಿಕೊಂಡು ತೇವ ಒಳಗೆ ಹೋಗುವುದಿಲ್ಲ. ಮುಂದಿನ ವರ್ಷ ಮೊದಲ ಸಲ ಹೊರಗೆ ತಂದಾಗ ಹಗ್ಗಕ್ಕೆ ಕೈ ಹಾಕುವ ಮುಂಚೆ ಫಿಲ್ಟರ್ ಡಬ್ಬಿ ಬಿಚ್ಚಿ. ಕೊಟ್ಟಿಗೆಯ ಇಲಿಗಳಿಗೆ ಮರಿ ಹಾಕಲು ಆ ಸ್ಪಂಜಿಗಿಂತ ಬೆಚ್ಚನೆಯ ಜಾಗ ಇನ್ನೊಂದಿಲ್ಲ.